ಕಲಬುರಗಿಯಲ್ಲಿದ್ದುಕೊಂಡು ಜಾಝ್ ರೆಕಾರ್ಡ್ ಕೂಡಿಸುವುದು, ಬದಲಿಸಿಕೊಳ್ಳುವುದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ, ಕಲಬುರಗಿಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ಮುಂಬೈಯಲ್ಲಿ ರೈಲ್ವೆ ನೌಕರಿ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಅವರ ಟ್ರಂಕು ನಮ್ಮ ಮನೆಗೆ ಬಂತು. ಅದರಲ್ಲಿ ಜಾಝ್ ಎಲ್‌ಪಿಗಳು (ಹೆಚ್ಚು ಹೊತ್ತು ನುಡಿಯುವ ಪ್ಲೇಟು), ಕೆಲವು 78 ಪ್ಲೇಟುಗಳು (ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯವು), ಒಂದಷ್ಟು ಕ್ಯಾಸೆಟ್ ಇವೆ. ಮೊಬೈಲ್‌ನಲ್ಲಿ ಅವೇ ಹೆಸರು ಹುಡುಕಿ ಕೇಳತೊಡಗಿದೆ. ಈಗ ಬಿಡಲು ಆಗುತ್ತಿಲ್ಲ. ಇನ್ನೂ ಕೂಡಿಸಬೇಕು ಅನಿಸುತ್ತದೆ. ಆದರೆ ಇಲ್ಲಿ ಜಾಝ್ ಕೇಳುವವರು ಯಾರೂ ಗೊತ್ತಿಲ್ಲ. ಆನ್‌ಲೈನ್‌ನಲ್ಲಿ ಒಂದು ಎಲ್‌ಪಿಗೆ ಸಾವಿರಾರು ರೂಪಾಯಿ ಹೇಳುತ್ತಾರೆ. ಅಷ್ಟು ದುಡ್ಡು ನನ್ನ ಹತ್ತಿರ ಇಲ್ಲ. ದುಡ್ಡಿಲ್ಲದೆ ಬದಲಿಸಿಕೊಳ್ಳುವವರೂ ಇದ್ದಾರಂತೆ. ಅದು ಹೇಗೆ ನಡೆಯುತ್ತದೆ? ಯಾವ ಮಷೀನ್ ತೆಗೆದುಕೊಳ್ಳಲಿ? ನಮ್ಮ ಬಿಸಿಲಿಗೆ ಇವು ಉಳಿಯುತ್ತವಾ?

ಬ್ರಹ್ಮಪುರ, ಕಲಬುರಗಿಯಿಂದ

ತಂಗಿ, ಜಾಝ್ ಕೇಳುವವರನ್ನೇ ಹುಡುಕಬೇಡ. ಪ್ಲೇಟು ಕೂಡಿಸುವವರನ್ನು ಹುಡುಕು. ನಮ್ಮ ಕಡೆ ಅಂಥವರು ಇದ್ದಾರೆ. ಒಬ್ಬರಿಗೆ ಹಿಂದೂಸ್ತಾನಿ, ಇನ್ನೊಬ್ಬರಿಗೆ ಕವ್ವಾಲಿ, ಮತ್ತೊಬ್ಬರಿಗೆ ನಾಟಕದ ಪದ, ಹಳೆ ಹಿಂದಿ ಹಾಡು. ಅವರು ಗಂಟು ಕಟ್ಟಿಸಿ ಒಟ್ಟಿಗೆ ಕೊಂಡಿರುತ್ತಾರೆ. ತಮಗೆ ಬೇಕಾದದ್ದು ಆರಿಸಿಕೊಂಡ ಮೇಲೆ ಇಂಗ್ಲಿಷ್ ಲೇಬಲ್ ಇದ್ದವು ಸುಮ್ನೆ ಮೂಲೆಯಲ್ಲಿ ಬಿದ್ದಿರುತ್ತವೆ. ನನ್ನ ಜಾಝ್‌ನಲ್ಲಿ ಹೆಚ್ಚಿನದು ಅಂಥ ಮೂಲೆಗಳಿಂದ ಬಂದದ್ದು. ಬದಲಿಗೆ ನಾನು ಕೊಟ್ಟದ್ದು ಮಲ್ಲಿಕಾರ್ಜುನ ಮನ್ಸೂರರ ಜೋಡಿ ಪ್ರತಿಗಳು, ನಾಟಕ ಕಂಪನಿಗಳ ಪ್ಲೇಟುಗಳು. ಮುಂಬೈಯವರಿಗೆ ಕನ್ನಡದ ಪ್ಲೇಟು ಸಿಗುವುದಿಲ್ಲ, ನಮಗೆ ಜಾಝ್ ಸಿಗುವುದಿಲ್ಲ. ಹಾಗಾಗಿ ಇಬ್ಬರಿಗೂ ಲಾಭ.

ಇದಕ್ಕೆ ಲೇಬಲ್ ಓದುವುದು ಕಲಿಯಬೇಕು. ಗಂಗೂಬಾಯಿ ಹಾನಗಲ್ ಅವರ ಮೊದಲ ಕಾಲದ ಪ್ಲೇಟುಗಳ ಮೇಲೆ ಗಾಂಧಾರಿ ಎಂಬ ಹೆಸರಿದೆ. ಗೊತ್ತಿಲ್ಲದವರು ಅದನ್ನು ಅಗ್ಗಕ್ಕೆ ಕೊಟ್ಟುಬಿಡುತ್ತಾರೆ. ಜಾಝ್‌ನಲ್ಲೂ ಅಷ್ಟೇ. ಕಲ್ಕತ್ತಾದ ಡಮ್ ಡಮ್ ಕಾರ್ಖಾನೆಯಲ್ಲಿ ಒತ್ತಿದ ಕೊಲಂಬಿಯಾ 78ಗಳ ಮೇಲೆ ಟೆಡ್ಡಿ ವೆದರ್‌ಫೋರ್ಡ್ ಎಂಬ ಹೆಸರು ಕಂಡರೆ ಕೆಳಗೆ ಇಡಬೇಡ. ಶಿಕಾಗೋದಲ್ಲಿ ಹೆಸರು ಮಾಡಿದ ಪಿಯಾನೋ ವಾದಕ. 1930ರ ದಶಕದಲ್ಲಿ ಮುಂಬೈ ತಾಜ್ ಹೋಟೆಲ್‌ನಲ್ಲಿ ನುಡಿಸಿದರು, ಆಮೇಲೆ ಕಲ್ಕತ್ತಾಕ್ಕೆ ಹೋದರು. ಅಲ್ಲೇ ರೆಕಾರ್ಡ್ ಮಾಡಿದರು, 1945ರಲ್ಲಿ ಅಲ್ಲೇ ಕಾಲರಾದಿಂದ ತೀರಿಕೊಂಡರು. ಆ ಪ್ಲೇಟುಗಳು ಬಂದದ್ದು ನಮ್ಮ ದೇಶದಲ್ಲಿ. ಹೊರದೇಶದ ಸಂಗ್ರಾಹಕರು ಅವನ್ನು ಹುಡುಕುತ್ತಾರೆ. ಗೋವಾದ ಟ್ರಂಪೆಟ್ ವಾದಕ ಚಿಕ್ ಚಾಕೊಲೇಟ್ ಅವರ ಮುಂಬೈ ರೆಕಾರ್ಡಿಂಗ್‌ಗಳಿಗೂ ಅಷ್ಟೇ ಬೆಲೆ. 1951ರ 'ಅಲ್ಬೇಲಾ' ಚಿತ್ರಕ್ಕೆ ಸಿ. ರಾಮಚಂದ್ರ ಸಂಗೀತ ಕೊಟ್ಟಾಗ ಜೊತೆಗಿದ್ದವರು ಇವರೇ. ಹಳೆ ಹಿಂದಿ ಹಾಡು ಕೂಡಿಸುವವರಿಗೆ ಇದನ್ನು ಹೇಳಿ ನೋಡು. ಅವರಿಗೂ ಜಾಝ್ ಮೇಲೆ ಆಸಕ್ತಿ ಹುಟ್ಟುತ್ತದೆ.

ಎಲ್ಲಿ ಹುಡುಕಬೇಕು ಅಂದರೆ, ಮೊದಲು ಮನೆಗಳಲ್ಲಿ. ನಮ್ಮ ಭಾಗ 1948ರ ತನಕ ನಿಜಾಮರ ರಾಜ್ಯದಲ್ಲಿತ್ತು. ಹಳೆ ಮನೆತನಗಳು ಹೈದರಾಬಾದ್, ಸಿಕಂದರಾಬಾದ್‌ನಿಂದ ಗ್ರಾಮಫೋನು, ಪ್ಲೇಟು ತರಿಸುತ್ತಿದ್ದವು. ಮುಂಬೈ ರೈಲು ದಾರಿಯೂ ಇಲ್ಲೇ ಹಾದುಹೋಗುತ್ತದೆ. ನಿನ್ನ ಮಾವನ ಹಾಗೆ ಅಲ್ಲಿ ದುಡಿದು ಬಂದವರು ಬಹಳ ಜನ. ಮನೆ ಕೆಡವುವಾಗ, ಅಟ್ಟ ಖಾಲಿ ಮಾಡುವಾಗ ಇವು ಗುಜರಿಗೆ ಹೋಗುತ್ತವೆ. ಗುಜರಿ ಅಂಗಡಿಯವರಿಗೆ ಒಮ್ಮೆ ಹೇಳಿಟ್ಟರೆ ಸಾಕು, ಫೋನ್ ಮಾಡುತ್ತಾರೆ. ಮುಂಬೈ ಚೋರ್ ಬಜಾರ್‌ಗೂ ಒಮ್ಮೆ ಹೋಗಿ ಬಾ. ಕೊಳ್ಳದಿದ್ದರೂ ಪರವಾಗಿಲ್ಲ, ಕಣ್ಣು ಪಳಗುತ್ತದೆ.

ಬೀದರ್‌ನಿಂದ

ಮಷೀನ್ ಬಗ್ಗೆ ನಾನು ಹೇಳುತ್ತೇನೆ ಮೇಡಂ. ನಾನು ಇಲ್ಲಿ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುವವನು.

ಮನೆಯಲ್ಲಿ ಕೈಯಿಂದ ಕೀ ಕೊಡುವ ಗ್ರಾಮಫೋನು ಇದ್ದರೆ ಅದರ ಮೇಲೆ ಎಲ್‌ಪಿ ಹಾಕಲೇಬೇಡಿ. ಅದರ ಉಕ್ಕಿನ ಸೂಜಿ ಮತ್ತು ಭಾರದ ಸೌಂಡ್ ಬಾಕ್ಸ್ ಒಂದೇ ಸಲಕ್ಕೆ ಎಲ್‌ಪಿಯ ಗೆರೆ ಕೊರೆದುಹಾಕುತ್ತವೆ. 78ಕ್ಕೂ ಪ್ರತಿ ಬದಿಗೆ ಹೊಸ ಸೂಜಿ ಹಾಕಬೇಕು. ಉಕ್ಕಿನ ಸೂಜಿ ನುಡಿಯುತ್ತಲೇ ಸವೆಯುತ್ತದೆ. ಸವೆದ ಸೂಜಿ ಉಳಿಯಂತೆ ಕೆತ್ತುತ್ತದೆ.

ಎಲ್‌ಪಿಗೆ ಬೇರೆ ಟರ್ನ್‌ಟೇಬಲ್ ಬೇಕು. ತೋಳಿನ ಹಿಂದೆ ತೂಕ ಹೊಂದಿಸುವ ಬಟ್ಟು ಇರುವುದನ್ನೇ ತೆಗೆದುಕೊಳ್ಳಿ. ಸೂಜಿಯ ಒತ್ತಡ ಸುಮಾರು 2 ಗ್ರಾಂ ಇದ್ದರೆ ಸಾಕು. ಸೂಟ್‌ಕೇಸ್ ಹಾಗೆ ಕಾಣುವ ಅಗ್ಗದ ಪ್ಲೇಯರ್‌ಗಳಲ್ಲಿ ಈ ತೂಕ ಬದಲಿಸಲು ಬರುವುದಿಲ್ಲ, ಒತ್ತಡವೂ ಜಾಸ್ತಿ. ಅದೇ ಟರ್ನ್‌ಟೇಬಲ್‌ನಲ್ಲಿ 78 ನುಡಿಸಬೇಕಾದರೆ ವೇಗ ಬದಲಿಸಿದರೆ ಸಾಲದು, ಸೂಜಿಯನ್ನೂ ಬದಲಿಸಬೇಕು. 78ರ ಗೆರೆ ಅಗಲ. ಅದಕ್ಕೆ ಸುಮಾರು 75 ಮೈಕ್ರಾನ್ ತುದಿಯ ಸೂಜಿ ಬೇಕು. ಎಲ್‌ಪಿಯದು ಸುಮಾರು 18ರಿಂದ 25 ಮೈಕ್ರಾನ್. ಸಣ್ಣ ಸೂಜಿ ಹಾಕಿದರೆ ಅದು ಅಗಲ ಗೆರೆಯ ತಳದಲ್ಲಿ ಕಸದ ಜೊತೆ ಓಡಾಡುತ್ತದೆ. ಬರೀ ಕರಕರ ಕೇಳುತ್ತದೆ, ಪ್ಲೇಟು ಕೆಟ್ಟಿದೆ ಅಂದುಕೊಳ್ಳುತ್ತೀರಿ. ಅಂಥ ಎಷ್ಟೋ ಪ್ಲೇಟು ಸರಿಯಾದ ಸೂಜಿಗೆ ಚೆನ್ನಾಗಿ ನುಡಿದದ್ದನ್ನು ಕಂಡಿದ್ದೇನೆ.

ತೊಳೆಯುವ ವಿಷಯ. 78 ಪ್ಲೇಟು ಅರಗಿನಿಂದ ಆದದ್ದು. ಸ್ಪಿರಿಟ್ ತಾಗಿಸಿದರೆ ಅರಗು ಕರಗುತ್ತದೆ, ಅಲ್ಲಿಗೆ ಮುಗಿಯಿತು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ. ಮೆತ್ತನೆ ಬ್ರಷ್‌ನಿಂದ ಗೆರೆ ಹೋದ ದಿಕ್ಕಿನಲ್ಲೇ ಒರೆಸಿ. ಲೇಬಲ್‌ಗೆ ನೀರು ತಾಗಬಾರದು. ಆಮೇಲೆ ಬರಿ ನೀರಿನಿಂದ ಇನ್ನೊಮ್ಮೆ ಒರೆಸಿ ನೆರಳಲ್ಲಿ ಒಣಗಿಸಿ.

ಯಾದಗಿರಿಯಿಂದ

ಬಿಸಿಲಿನ ಬಗ್ಗೆ ಕೇಳಿದ್ದೀರಿ. ಉಳಿಯುತ್ತವೆ, ನಮ್ಮ ಮನೆಯಲ್ಲಿ ಉಳಿದಿವೆ. ತಗಡಿನ ಚಾವಣಿ ಕೆಳಗೆ, ಅಟ್ಟದಲ್ಲಿ, ಪಡುವಣ ಗೋಡೆಗೆ ತಾಗಿ ಇಡಬೇಡಿ. ಕಬ್ಬಿಣದ ಟ್ರಂಕಿನಿಂದ ಮೊದಲು ಹೊರಗೆ ತೆಗೆಯಿರಿ. ಮನೆಯ ನಡುವಿನ ಕೋಣೆಯಲ್ಲಿ, ನೆಲದಿಂದ ಸ್ವಲ್ಪ ಮೇಲೆ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನವು ಬಾಗುತ್ತವೆ, 78 ಆದರೆ ಸೀಳುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಕಾರಿನಲ್ಲಿ ಬಿಟ್ಟು ಹೋಗಲೇಬಾರದು. ಬೇಸಿಗೆಯಲ್ಲಿ ಯಾರಿಗೂ ಪಾರ್ಸೆಲ್ ಮಾಡಬೇಡಿ, ಯಾರಿಂದಲೂ ತರಿಸಬೇಡಿ. ಮಳೆ ಬಿದ್ದು ತಂಪಾದ ಮೇಲೆ ಕಳಿಸುತ್ತೇವೆ ಅಂದರೆ ನಿಜವಾದ ಸಂಗ್ರಾಹಕರು ಬೇಸರಪಡುವುದಿಲ್ಲ.

ಬೀದರ್ ಮೂಲ, ಈಗ ಹೈದರಾಬಾದ್‌ನಿಂದ

ನಾನು ಕ್ಯಾಸೆಟ್ ಕಾಲದಿಂದ ಬದಲಿ ವ್ಯವಹಾರ ಮಾಡುತ್ತಾ ಬಂದಿದ್ದೇನೆ. ಅದರ ರೀತಿ ಹೇಳುತ್ತೇನೆ ತಂಗಿ.

ಮೊದಲು ಪಟ್ಟಿ ಬರಿ. ಪಟ್ಟಿ ಇಲ್ಲದವರ ಜೊತೆ ಯಾರೂ ಬದಲಿಸುವುದಿಲ್ಲ. 'ಮೈಲ್ಸ್ ಡೇವಿಸ್, ಚೆನ್ನಾಗಿದೆ' ಎಂದು ಬರೆದರೆ ಅದು ಪಟ್ಟಿ ಅಲ್ಲ. ಕಂಪನಿ, ಕ್ಯಾಟಲಾಗ್ ನಂಬರ್, ಎಲ್ಲಿ ಒತ್ತಿದ್ದು, ಮೋನೋ ಅಥವಾ ಸ್ಟೀರಿಯೋ ಬರೆಯಬೇಕು. ಲೇಬಲ್ ಸುತ್ತ ಗೆರೆ ಇಲ್ಲದ ನುಣುಪು ಜಾಗದಲ್ಲಿ ಕೊರೆದ ಅಕ್ಷರ, ಅಂಕಿಗಳನ್ನೂ ಬರೆಯಬೇಕು. ಜಾಝ್‌ನಲ್ಲಿ ಆ ಕೊರೆದ ಗುರುತಿನ ಮೇಲೆಯೇ ಬೆಲೆ ನಿಂತಿದೆ. ಬ್ಲೂ ನೋಟ್ ಎಂಬ ಜಾಝ್ ಕಂಪನಿಯ ಅಮೆರಿಕದ ಮೊದಲ ಪ್ರತಿಗಳಲ್ಲಿ 1966ರ ತನಕ ಕಿವಿಯಂತೆ ಕಾಣುವ ಒಂದು ಗುರುತು ಇರುತ್ತದೆ. ರೂಡಿ ವ್ಯಾನ್ ಗೆಲ್ಡರ್ ಎಂಬ ಎಂಜಿನಿಯರ್ ಕೊರೆದದ್ದಾದರೆ ಅವರ ಗುರುತೂ ಇರುತ್ತದೆ. ಭಾರತದಲ್ಲಿ ಒತ್ತಿದ ಪ್ರತಿಗೆ ಆ ಬೆಲೆ ಇಲ್ಲ, ಆದರೆ ನುಡಿಸಿ ಕೇಳಲು ಅದೇ ಸಾಕು. ನಾನಾದರೆ ಮೊದಲು ಭಾರತದ ಪ್ರತಿಗಳನ್ನೇ ಕೂಡಿಸು ಅನ್ನುತ್ತೇನೆ.

ಯಾವ ಪ್ರತಿ ಎನ್ನುವುದು ದುಡ್ಡಿನ ಮಾತಷ್ಟೇ ಅಲ್ಲ. ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 1959ರ 'ಕೈಂಡ್ ಆಫ್ ಬ್ಲೂ' ತಗೋ. ರೆಕಾರ್ಡ್ ಮಾಡುವಾಗ ಒಂದು ಟೇಪ್ ಯಂತ್ರ ಸ್ವಲ್ಪ ನಿಧಾನ ಓಡಿತ್ತು. ಹಾಗಾಗಿ ಮೊದಲ ಬದಿಯ ಮೂರೂ ಕೃತಿಗಳು ಎಲ್‌ಪಿಯಲ್ಲಿ ನಿಜಕ್ಕಿಂತ ತುಸು ಏರಿದ ಶ್ರುತಿಯಲ್ಲಿ ಬಂದವು. ಸರಿಮಾಡಿ ಹೊರತಂದದ್ದು 1992ರಲ್ಲಿ. ಅದಕ್ಕೂ ಮೊದಲು ಆ ಎಲ್‌ಪಿ ಜೊತೆ ಹಾರ್ಮೋನಿಯಂ ಹಿಡಿದು ಕೂತವರಿಗೆ ಶ್ರುತಿ ಕೂಡುತ್ತಿರಲಿಲ್ಲ. ಇದಕ್ಕೇ ನಾವು ವರ್ಷ, ನಂಬರ್ ಕೇಳುವುದು.

ಸ್ಥಿತಿ ಬರೆಯುವಾಗ ಕಟ್ಟುನಿಟ್ಟಾಗಿರು. ಸಂಗ್ರಾಹಕರ ಲೆಕ್ಕದಲ್ಲಿ 'ಗುಡ್' ಅಂದರೆ ಹಾಳಾದದ್ದು ಅಂತಲೇ ಅರ್ಥ ಮಾಡಿಕೊಳ್ಳುತ್ತಾರೆ. 'ವೆರಿ ಗುಡ್ ಪ್ಲಸ್' ಇದ್ದರೆ ಕೊಳ್ಳಬಹುದು. ದೀಪದ ಕೆಳಗೆ ಓರೆ ಹಿಡಿದು ನೋಡು, ಗೀರು ಉಗುರಿಗೆ ತಾಗುತ್ತದಾ ಪರೀಕ್ಷಿಸು, ಎರಡೂ ಬದಿ ಪೂರ್ತಿ ಕೇಳು, ಆಮೇಲೆ ಬರಿ. ಕವರ್ ಸ್ಥಿತಿ ಬೇರೆ ಬರೆಯಬೇಕು. ಒಂದು ದರ್ಜೆ ಕಡಿಮೆ ಬರೆದು ಕಳಿಸಿದರೆ ಆ ಮನುಷ್ಯ ಜೀವನಪೂರ್ತಿ ನಿನ್ನ ಜೊತೆ ಬದಲಿಸುತ್ತಾನೆ.

ಪಾರ್ಸೆಲ್ ಮಾಡುವಾಗ ಎಲ್‌ಪಿಯನ್ನು ಒಳಕವರ್ ಸಮೇತ ಹೊರಕವರ್‌ನಿಂದ ಆಚೆ ತೆಗೆದು ಅದರ ಹಿಂದೆ ಇಡು. ಒಳಗೇ ಬಿಟ್ಟರೆ ದಾರಿಯಲ್ಲಿ ಕುಲುಕಿ ಕವರಿನ ಅಂಚು ಒಡೆಯುತ್ತದೆ. ಎರಡೂ ಕಡೆ ದಪ್ಪ ರಟ್ಟು, ಮೂಲೆಗಳಿಗೆ ಇನ್ನಷ್ಟು. 78 ಆದರೆ ಪಾರ್ಸೆಲ್ ಬೇಡ, ಯಾರಾದರೂ ಬರುವವರ ಕೈಯಲ್ಲಿ ಕಳಿಸು. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಮುಂಬೈಯಿಂದ ಬರುವವರು ಮಡಿಲಲ್ಲಿ ಇಟ್ಟುಕೊಂಡು ತಂದುಕೊಟ್ಟ ಪ್ಲೇಟು ನನ್ನ ಹತ್ತಿರ ಇವೆ.

ಇನ್ನು ಕಂಪ್ಯೂಟರ್ ಪ್ರತಿಗಳು. ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ ಫ್ಲ್ಯಾಕ್ ಎಂಬ ಬಗೆಯ ಧ್ವನಿ ಕಡತವಾಗಿ ಉಳಿಸು. ಫ್ಲ್ಯಾಕ್‌ನಲ್ಲಿ ಧ್ವನಿಯ ಒಂದು ಅಂಶವೂ ಕಳೆಯುವುದಿಲ್ಲ. ಎಂಪಿ3ಯಲ್ಲಿ ಕಳೆದದ್ದು ಮತ್ತೆ ಬರುವುದಿಲ್ಲ. ಎಂಪಿ3ಯನ್ನು ಫ್ಲ್ಯಾಕ್ ಮಾಡಿ ಕೊಡುವುದು ನಮ್ಮಲ್ಲಿ ದೊಡ್ಡ ಮೋಸ. ಯಾವ ಪ್ಲೇಟು, ಯಾವ ಸೂಜಿ, ಯಾವ ಡೆಕ್‌ನಿಂದ (ನುಡಿಸುವ ಮಷೀನ್) ತೆಗೆದದ್ದು ಎಂದು ಒಂದು ಕಡತದಲ್ಲಿ ಬರೆದು ಜೊತೆಗೆ ಇಡು. ಆ ವಂಶಾವಳಿ ಇಲ್ಲದ ರೆಕಾರ್ಡಿಂಗ್ ನಾನು ತೆಗೆದುಕೊಳ್ಳುವುದಿಲ್ಲ.

ಕಾನೂನು ಸ್ವಲ್ಪ ತಿಳಿದಿರು. ಪ್ಲೇಟಿಗೆ ಪ್ಲೇಟು ಬದಲಿಸಲು ಅಡ್ಡಿ ಇಲ್ಲ. ಪ್ರತಿ ಮಾಡಿ ಹಂಚುವುದು ಬೇರೆ. ನಮ್ಮ 1957ರ ಕಾಯ್ದೆ ಪ್ರಕಾರ ಧ್ವನಿಮುದ್ರಣದ ಹಕ್ಕು, ಅದು ಹೊರಬಂದ ಮುಂದಿನ ವರ್ಷದಿಂದ 60 ವರ್ಷ. ಸ್ವರರಚನೆಯ ಹಕ್ಕು ಇನ್ನೂ ಬೇರೆ. ಅದು ರಚಿಸಿದವರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಅಂಗಡಿಯಲ್ಲಿ ಸಿಗುವುದನ್ನು ಪ್ರತಿ ಮಾಡಿ ಹಂಚುವುದು ನುಡಿಸಿದವರ ಹೊಟ್ಟೆಗೆ ಹೊಡೆದ ಹಾಗೆ. ಅದನ್ನು ಕೊಂಡೇ ಕೇಳಬೇಕು.

ಕಲಬುರಗಿ, ಪ್ರಶ್ನೆ ಕೇಳಿದವಳು

ಎಲ್ಲರಿಗೂ ತುಂಬಾ ಧನ್ಯವಾದ. ಟ್ರಂಕಿನಿಂದ ಎಲ್ಲಾ ಹೊರಗೆ ತೆಗೆದು ನಿಲ್ಲಿಸಿದ್ದೇನೆ, ಪಟ್ಟಿ ಬರೆಯುತ್ತಿದ್ದೇನೆ. ಎಲ್‌ಪಿಗಳಲ್ಲಿ ಬಹಳಷ್ಟು ಡಮ್ ಡಮ್‌ನವು. 1968ರ ಶಂಕರ್-ಜೈಕಿಶನ್ ಅವರ ರಾಗ-ಜಾಝ್ ಎಲ್‌ಪಿ ಇದೆ, ಸಿತಾರ್ ರಯೀಸ್ ಖಾನ್. ಕ್ಯಾಸೆಟ್‌ಗಳಲ್ಲಿ ಕೆಲವಕ್ಕೆ 'ಕಾನೋವರ್, ಶಾರ್ಟ್‌ವೇವ್' ಎಂದು ಮಾವ ಬರೆದಿದ್ದಾರೆ. ಎರಡರ ಮೇಲೆ 'ರಂಗಭವನ, ಯಾತ್ರಾ' ಎಂದಷ್ಟೇ ಇದೆ. ಇವು ಕೆಲಸಕ್ಕೆ ಬರುತ್ತವಾ?

ಬ್ರಹ್ಮಪುರ, ಕಲಬುರಗಿಯಿಂದ

ತಂಗಿ, ಎಲ್‌ಪಿ ಎಲ್ಲಾ ಪಕ್ಕಕ್ಕಿಡು. ಶಂಕರ್-ಜೈಕಿಶನ್ ಅವರದು ಯಾರು ಏನು ಕೊಡುತ್ತೇನೆ ಅಂದರೂ ಸದ್ಯ ಕೊಡಬೇಡ, ಅದಕ್ಕೆ ಬಹಳ ಬೇಡಿಕೆ ಇದೆ. ಆದರೆ ನಿನ್ನ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಆ ಎರಡು ಕ್ಯಾಸೆಟ್.

ವಿಲ್ಲಿಸ್ ಕಾನೋವರ್ 1955ರಿಂದ ವಾಯ್ಸ್ ಆಫ್ ಅಮೆರಿಕಾದಲ್ಲಿ ಜಾಝ್ ಕೇಳಿಸಿದವರು. ಕರ್ಕರ ಅನ್ನುವ ಶಾರ್ಟ್‌ವೇವ್‌ನಲ್ಲಿ ಅವರ ನಿಧಾನದ ಇಂಗ್ಲಿಷ್ ಕೇಳಿಯೇ ನಮ್ಮಂಥವರು ಜಾಝ್ ಕಲಿತದ್ದು. ಅವರ ಸಂಗ್ರಹವನ್ನು ಅಮೆರಿಕದ ಉತ್ತರ ಟೆಕ್ಸಾಸ್ ವಿಶ್ವವಿದ್ಯಾಲಯ ಕಾಪಾಡಿಟ್ಟಿದೆ. ಹಾಗಾಗಿ ಆ ಟೇಪು ನಿನ್ನಲ್ಲಿ ಮಾತ್ರ ಇರುವುದಲ್ಲ. ಇನ್ನೊಂದು ಜೋಡಿ ಹಾಗಲ್ಲ. 1978ರಲ್ಲಿ ಮುಂಬೈ ರಂಗಭವನದಲ್ಲಿ ಜಾಝ್ ಯಾತ್ರಾ ಶುರುವಾಯಿತು. ಮೊದಲ ವರ್ಷವೇ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಸೋನಿ ರೋಲಿನ್ಸ್ ಬಂದು ನುಡಿಸಿದರು. ನಿನ್ನ ಮಾವ ಜನರ ನಡುವೆ ಕೂತು ಟೇಪ್ ಮಾಡಿದ್ದರೆ ಅದರ ಇನ್ನೊಂದು ಪ್ರತಿ ಎಲ್ಲೂ ಇಲ್ಲದಿರಬಹುದು. ಯಾವ ವರ್ಷ, ಯಾರು ನುಡಿಸಿದ್ದು ಎಂದು ಕೇಳಿಯೇ ಗುರುತಿಸಬೇಕು. ಮಾವನ ಡೈರಿ, ಹಳೆ ಟಿಕೆಟ್, ಕಾರ್ಯಕ್ರಮದ ಪುಸ್ತಿಕೆ ಇದ್ದರೆ ಹುಡುಕು.

ಮನೆಯ ಟೂ-ಇನ್-ಒನ್‌ನಲ್ಲಿ ಹಾಕಿ ನೋಡಬೇಡ. ಮೊದಲು ಕ್ಯಾಸೆಟ್‌ನ ಹಿಂಭಾಗದ ಎರಡು ಚಿಕ್ಕ ಪ್ಲಾಸ್ಟಿಕ್ ತುಂಡು ಮುರಿದುಬಿಡು, ಕೈತಪ್ಪಿ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. ಟೇಪಿನ ಹಿಂದಿನ ಸಣ್ಣ ಫೆಲ್ಟ್ ತುಂಡು ಬಿದ್ದಿದೆಯಾ ನೋಡು. ಬಿದ್ದಿದ್ದರೆ ಟೇಪನ್ನು ಬೇರೆ ಒಳ್ಳೆ ಕವಚಕ್ಕೆ ಹಾಕೋಣ, ಅದು ಕಷ್ಟವಲ್ಲ. ಸಿ-120 ಎಂದು ಬರೆದಿದ್ದರೆ ಇನ್ನೂ ಜೋಪಾನ, ಆ ಟೇಪು ತೆಳ್ಳಗೆ, ಬೇಗ ಸಿಕ್ಕಿಕೊಳ್ಳುತ್ತದೆ. ಮಾವನ ಮಷೀನಿನ ಹೆಡ್, ಅಂದರೆ ಟೇಪಿಗೆ ತಾಗುವ ಭಾಗ, ಯಾವ ಓರೆಯಲ್ಲಿತ್ತೋ ಅದೇ ಓರೆಗೆ ನಮ್ಮ ಹೆಡ್ ತಿರುಗಿಸಬೇಕು. ಇಲ್ಲದಿದ್ದರೆ ಸಿಂಬಲ್, ಟ್ರಂಪೆಟ್ ಎಲ್ಲಾ ಮಂಕಾಗಿ ಕೇಳುತ್ತದೆ.

ಪ್ರತಿ ತೆಗೆದ ಮೇಲೂ ಅದನ್ನು ಮಾರಬೇಡ, ಎಲ್ಲಿಯೂ ಏರಿಸಬೇಡ. ನುಡಿಸಿದವರನ್ನು ಕೇಳದೆ ಮಾಡಿದ ಟೇಪು ಅದು. ಗೊತ್ತಿರುವ ಕೆಲವರಿಗೆ ಗುರುತು ಹಿಡಿಯಲು ಕೇಳಿಸೋಣ.

ನನ್ನ ಹತ್ತಿರ ಒಳ್ಳೆ ಕ್ಯಾಸೆಟ್ ಡೆಕ್ ಇದೆ. ಮನೆಯಲ್ಲಿ ಅಪ್ಪ ಅಮ್ಮನನ್ನು ಕೇಳಿ ಒಂದು ಭಾನುವಾರ ಹೇಳು, ನಾನೂ ನನ್ನ ಹೆಂಡತಿಯೂ ಡೆಕ್ ತೆಗೆದುಕೊಂಡು ಬರುತ್ತೇವೆ. ಬೀದರ್‌ನ ಅಣ್ಣಾರೂ ಬಂದರೆ ಹೆಡ್ ಹೊಂದಿಸುವುದು ಅವರಿಗೇ ಬಿಡೋಣ. ಅಲ್ಲಿಯ ತನಕ ಆ ಎರಡು ಕ್ಯಾಸೆಟ್ ಸ್ಪೀಕರ್ ಹತ್ತಿರ ಇಡಬೇಡ, ಅದರ ಅಯಸ್ಕಾಂತ ಟೇಪಿಗೆ ಆಗಿಬರುವುದಿಲ್ಲ.