ದೊಡ್ಡಮ್ಮನ ದಮ್ಮಿಗೆ ಆ ಡಬ್ಬಿ ತರಿಸುವ ಮುಂಚೆ

ಅಣ್ಣಾ, ಶ್ವಾಸಕೋಶ ತೊಳೆಯುವ ಕ್ಯಾಪ್ಸೂಲು, ಮೂರು ತಿಂಗಳ ಕೋರ್ಸು, ಅಮ್ಮನಿಗೆ ತರಿಸಲಾ ಎಂದು ಬೆಳಿಗ್ಗೆ ಗ್ರೂಪಿನಲ್ಲಿ ಕೇಳಿದ್ದೆಯಲ್ಲ. ಟೈಪ್ ಮಾಡಿ ಮುಗಿಯುವ ಮಾತಲ್ಲ, ಅದಕ್ಕೇ ವಾಯ್ಸ್ ಕಳಿಸುತ್ತಿದ್ದೇನೆ. ಉದ್ದ ಆಗುತ್ತೆ, ಪೂರ್ತಿ ಕೇಳು. ಸದ್ಯಕ್ಕೆ ಆರ್ಡರ್ ಮಾಡಬೇಡ.

ದೊಡ್ಡಮ್ಮನಿಗೆ ಇರುವುದು ಸಿಓಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ, ಗಾಳಿಚೀಲ ಹಾಳಾಗಿ ದಮ್ಮು ಬರುವ ದೀರ್ಘಕಾಲದ ಕಾಯಿಲೆ. ಬೀಡಿ ಮುಟ್ಟದವರಿಗೆ ಅದು ಹೇಗೆ ಬಂತು ಎಂದು ಚಿಕ್ಕಮ್ಮ ಕೇಳಿದ್ದರು. ಅಷ್ಟು ವರ್ಷ ಸೌದೆ ಒಲೆ ಊದಿದ್ದಾರೆ ಅಲ್ವಾ, ಆ ಹೊಗೆಯಿಂದಲೂ ಬರುತ್ತೆ. ಹಾಳಾದ ಗಾಳಿಚೀಲಗಳನ್ನು ಯಾವ ಕ್ಯಾಪ್ಸೂಲೂ ತೊಳೆದು ಹೊಸದು ಮಾಡುವುದಿಲ್ಲ. ಹಾಗಂತ ಸಪ್ಲಿಮೆಂಟ್ ಎಲ್ಲಾ ದಂಡ ಎಂದು ನಾನು ಹೇಳುವುದಿಲ್ಲ. ಮೈಯಲ್ಲಿ ಏನು ಕಡಿಮೆ ಇದೆಯೋ ಅದನ್ನು ತುಂಬಿದರೆ ಉಪಯೋಗ ಇದೆ, ಕಡಿಮೆ ಇಲ್ಲದ್ದನ್ನು ಸುಮ್ನೆ ನುಂಗಿಸಿದರೆ ಇಲ್ಲ.

ಮೊದಲು ವಿಟಮಿನ್ ಡಿ ಟೆಸ್ಟ್ ಮಾಡಿಸು. ಸಿಓಪಿಡಿ ಇದ್ದವರಿಗೆ ಡಿ ಕೊಟ್ಟು ನೋಡಿದ ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ 2019ರಲ್ಲಿ ಲೆಕ್ಕ ಹಾಕಿದ್ದರು. ಒಂದು ಎಂಎಲ್ ರಕ್ತಕ್ಕೆ 10 ನ್ಯಾನೋಗ್ರಾಂಗಿಂತ ಕಡಿಮೆ ಇದ್ದವರಲ್ಲಿ ದಮ್ಮು ಕೆರಳುವುದು ಕಡಿಮೆಯಾಯಿತು, ಮೇಲಿದ್ದವರಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಡಿಮೆ ಬಂದರೆ ಡಾಕ್ಟರ್ 60,000 ಯೂನಿಟ್ಟಿನ ವಿಟಮಿನ್ ಡಿ ಪುಡಿಯ ಸ್ಯಾಚೆ ಬರೆಯುತ್ತಾರೆ, ಸಾಮಾನ್ಯವಾಗಿ ವಾರಕ್ಕೆ ಒಂದು. ದಿನಕ್ಕೊಂದು ಅಂತ ತಿಳಿದು ಕುಡಿಯುವವರನ್ನು ನಮ್ಮ ಮೆಡಿಕಲ್ ಶಾಪಿನಲ್ಲಿ ನೋಡಿದ್ದೇನೆ, ನನಗೆ ನಿಜಕ್ಕೂ ಭಯ ಆಗುತ್ತೆ. ಹಾಗೆ ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ ಶುರುವಾಗಿ ಕಿಡ್ನಿಗೂ ಪೆಟ್ಟು ಬೀಳಬಹುದು.

ಆ ಡಬ್ಬಿಯ ಮೇಲೆ ಎನ್‌ಎಸಿ, ಅಂದರೆ ಎನ್-ಅಸಿಟೈಲ್ ಸಿಸ್ಟೀನ್, ಎಂದಿದೆ. ಅದು ಕಫ ತೆಳು ಮಾಡುವ ಔಷಧಿ. ಚೀನಾದಲ್ಲಿ ಒಂದು ವರ್ಷ ದಿನಕ್ಕೆರಡು ಸಲ 600 ಮಿಲಿಗ್ರಾಂ ಕೊಟ್ಟಾಗ ದಮ್ಮು ಕೆರಳುವುದು ಸ್ವಲ್ಪ ಇಳಿದಿತ್ತು, 2014ರಲ್ಲಿ ಅದು ಪ್ರಕಟವಾಯಿತು. ಅಲ್ಲೇ ಕಾಯಿಲೆ ಅಷ್ಟು ಮುಂದುವರಿಯದವರಿಗೆ ಎರಡು ವರ್ಷ ಕೊಟ್ಟು ನೋಡಿದರೆ ಅಂಥ ಲಾಭ ಸಿಗಲಿಲ್ಲ. ಈ ಡಬ್ಬಿಯಲ್ಲಿ ಎಷ್ಟು ಹಾಕಿದ್ದಾರೆ ಎಂದು ಬರೆದೇ ಇಲ್ಲ. ಬೇಕಿದ್ದರೆ ಡಾಕ್ಟರನ್ನೇ ಕೇಳೋಣ, ಅಳತೆ ಗೊತ್ತಿರುವ ಮಾತ್ರೆ ಬರೆದುಕೊಡುತ್ತಾರೆ.

ಮಾವ, ನೀವೂ ಒಂದು ನಾನು ತಗೊಳ್ಳುತ್ತೇನೆ ಎಂದಿರಿ. ದಯವಿಟ್ಟು ಬೇಡ. ಅದರಲ್ಲಿ ಬೀಟಾ ಕ್ಯಾರೋಟಿನ್ ಇದೆ, ಕ್ಯಾರೆಟ್ಟಿಗೆ ಬಣ್ಣ ಕೊಡುವ ಅಂಶ ಅದು, ನೀವಿನ್ನೂ ಸಿಗರೇಟು ಬಿಟ್ಟಿಲ್ಲ. ಫಿನ್‌ಲ್ಯಾಂಡಿನಲ್ಲಿ ಸಿಗರೇಟು ಸೇದುವ 29,000 ಗಂಡಸರ ಮೇಲೆ ಪ್ರಯೋಗ ಮಾಡಿದಾಗ ಬೀಟಾ ಕ್ಯಾರೋಟಿನ್ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಜಾಸ್ತಿ ಬಂತು. ಅದು 1994ರಲ್ಲಿ. ಅಮೆರಿಕದಲ್ಲೂ ಇಂಥದ್ದೇ ಪ್ರಯೋಗವನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಕ್ಯಾರೆಟ್ ತಿನ್ನಿ, ಏನೂ ತೊಂದರೆ ಇಲ್ಲ.

ಈಗ ಮುಖ್ಯವಾದದ್ದು, ದೊಡ್ಡಮ್ಮನ ತೂಕ. ಹಬ್ಬದಲ್ಲಿ ನೋಡಿದಾಗ ಬಳೆ ಮೊಣಕೈತನಕ ಜಾರುತ್ತಿತ್ತು. ಈ ಕಾಯಿಲೆಯಲ್ಲಿ ಬರೀ ಉಸಿರಾಡುವುದಕ್ಕೇ ತುಂಬಾ ಶಕ್ತಿ ಖರ್ಚಾಗುತ್ತೆ, ಹೊಟ್ಟೆ ತುಂಬಾ ಉಂಡರೆ ಅದು ವಪೆಯನ್ನು, ಅಂದರೆ ಎದೆ ಹೊಟ್ಟೆ ನಡುವಿನ ಉಸಿರಾಟದ ಸ್ನಾಯುವನ್ನು, ಮೇಲಕ್ಕೆ ಒತ್ತಿ ಇನ್ನಷ್ಟು ದಮ್ಮು ಬರುತ್ತೆ, ಅದಕ್ಕೆ ಹೆದರಿ ಎರಡು ತುತ್ತಿಗೇ ಎದ್ದುಬಿಡುತ್ತಾರೆ. ಹಾಗಾಗಿ ಮೂರು ಹೊತ್ತಿನ ಊಟವನ್ನು ಆರು ಹೊತ್ತಿಗೆ ಹಂಚು. ರಾಗಿ ಗಂಜಿಗೆ ಹಾಲು, ಒಂದು ಚಮಚ ತುಪ್ಪ, ಹುರಿದ ಕಡಲೆಬೀಜದ ಪುಡಿ. ಮೊಟ್ಟೆ ತಿನ್ನುತ್ತಾರಲ್ಲ, ದಿನಾ ಕೊಡು. ಬೇಳೆ ಗಟ್ಟಿಯಾಗಿರಲಿ, ಬರೀ ತಿಳಿಸಾರು ಅನ್ನ ಬೇಡ. ಹೀಗೆ ಸೊರಗಿದವರಿಗೆ ಪೌಷ್ಟಿಕ ಆಹಾರ ಜಾಸ್ತಿ ಕೊಟ್ಟಾಗ ತೂಕ ಏರಿ, ಉಸಿರಾಟದ ಸ್ನಾಯುಗಳಿಗೆ ಬಲ ಬಂದು, ಜಾಸ್ತಿ ದೂರ ನಡೆದದ್ದು ಅಧ್ಯಯನಗಳಲ್ಲಿ ಕಂಡಿದೆ. ಇಷ್ಟಾದರೂ ತೂಕ ಏರದಿದ್ದರೆ ಪ್ರೋಟೀನ್ ಪುಡಿ ತರೋಣ, ಶುಗರ್, ಕಿಡ್ನಿ ರಿಪೋರ್ಟ್ ನೋಡಿಕೊಂಡು.

ಇನ್ನೊಂದು, ಕ್ಯಾಲ್ಸಿಯಂ ಮಾತ್ರೆ ತಗೊಳ್ಳುತ್ತಿದ್ದಾರಲ್ಲ. ಕಫ ಹಳದಿಯಾದಾಗ ಕೊಡುವ ಕೆಲವು ಆಂಟಿಬಯೋಟಿಕ್ ಅದರ ಜೊತೆ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಎಷ್ಟು ಗಂಟೆ ಅಂತರ ಬೇಕು ಎಂದು ಪ್ರತಿ ಸಲ ಕೇಳು. ಇನ್‌ಹೇಲರ್ ಮಾತ್ರ ಯಾವುದಕ್ಕೂ ನಿಲ್ಲಿಸುವ ಹಾಗಿಲ್ಲ. ಅದಕ್ಕೆ ಸಿಕ್ಕಿಸುವ ಕೊಳವೆ, ಸ್ಪೇಸರ್, ಹಾಕಿಕೊಂಡೇ ಎಳೆಯುತ್ತಿದ್ದಾರಾ ನೋಡು.

ನಾಳೆ ತೂಕ ನೋಡಿ ಬರೆದಿಡು. ಮಾತ್ರೆ ಚೀಟಿ, ರಿಪೋರ್ಟುಗಳ ಫೋಟೋ ಗ್ರೂಪಿಗೆ ಬೇಡ, ನನಗೇ ಕಳಿಸು. ಶನಿವಾರ ಡಾಕ್ಟರ್ ಹತ್ತಿರ ಹೋಗುವಾಗ ನಾನೂ ಬರುತ್ತೇನೆ.