ಕೆಂಪು ಎನಾಮೆಲ್ ಮೇಲೆ ಕ್ಲಿಯರ್ ಹೊಡೆದ ಕೂಡಲೇ ಬಣ್ಣ ಸುಕ್ಕುಗಟ್ಟಿತು: ಪರಿಹಾರವೇನು?

ಪ್ರಶ್ನೆ (ಬೀದರ್): ನಮಸ್ಕಾರ. ನಮ್ಮೂರಿನ ವಾಯುನೆಲೆಯಲ್ಲಿರುವ, ವಾಯುಪಡೆಯ ವೈಮಾನಿಕ ಪ್ರದರ್ಶನ ತಂಡವಾದ ಸೂರ್ಯಕಿರಣದ ಕೆಂಪು-ಬಿಳಿ ಹಾಕ್ ವಿಮಾನದ ಮಾದರಿಯನ್ನು ಬಾಲ್ಸಾ ಕಟ್ಟಿಗೆಯಲ್ಲಿ ಮಾಡುತ್ತಿದ್ದೇನೆ. ಬ್ಯಾಟರಿ ಮೋಟಾರಿನಿಂದ ಹಾರುವಂಥದ್ದು. ಬಿಳಿ ಭಾಗಕ್ಕೆ ಕಾರಿನ ಬಣ್ಣದ ಅಂಗಡಿಯಿಂದ ತಂದ ಅಕ್ರಿಲಿಕ್ ಲ್ಯಾಕರ್ ಹೊಡೆದೆ. ಅದರಲ್ಲಿ ಬೇಕಾದ ಕೆಂಪು ಸಿಗದ ಕಾರಣ ಹಾರ್ಡ್‌ವೇರ್ ಅಂಗಡಿಯ ಎನಾಮೆಲ್ ಸ್ಪ್ರೇ ಬಳಸಿದೆ. ಮರುದಿನ ಸಂಜೆ ಕೈಗೆ ಅಂಟದಿದ್ದುದರಿಂದ ಮೇಲೆ ಕಾರಿನ ಲ್ಯಾಕರ್ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಮೇಲ್ಪದರ) ಹೊಡೆದಾಗ, ಕೆಲವೇ ನಿಮಿಷಗಳಲ್ಲಿ ರೆಕ್ಕೆಯ ಕೆಂಪು ಭಾಗ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತು. ಪಕ್ಕದ ಬಿಳಿ ಪಟ್ಟಿಯ ಮೇಲೆ ಮಾತ್ರ ಅದೇ ಕ್ಲಿಯರ್ ಹೊಳಪಾಗಿ ಕೂತಿದೆ. ಕ್ಲಿಯರ್ ಡಬ್ಬಿಯೇ ಕೆಟ್ಟಿದೆಯೇ?

ಉತ್ತರ (ಕಲಬುರಗಿ): ಸರ್, ಡಬ್ಬಿಯಲ್ಲಿ ದೋಷವಿಲ್ಲ, ಬಿಳಿ ಪಟ್ಟಿಯೇ ಅದಕ್ಕೆ ಸಾಕ್ಷಿ. ಲ್ಯಾಕರ್ ಒಣಗುವುದು ಅದರೊಳಗಿನ ಥಿನ್ನರ್ ಹಾರಿಹೋಗುವುದರಿಂದ. ಹಾಗಾಗಿ ಅದರ ಮೇಲೆ ಮತ್ತೆ ಲ್ಯಾಕರ್ ಬಿದ್ದರೆ ಕೆಳಗಿನ ಪದರ ಸ್ವಲ್ಪ ಕರಗಿ ಎರಡೂ ಒಂದಾಗುತ್ತವೆ. ಎನಾಮೆಲ್ ಹಾಗಲ್ಲ, ಥಿನ್ನರ್ ಹಾರಿದ ಮೇಲೂ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಮೇಲಿನಿಂದ ಒಳಕ್ಕೆ ನಿಧಾನವಾಗಿ ಗಟ್ಟಿಯಾಗುತ್ತದೆ. ಮೇಲ್ಪದರ ಕೈಗೆ ಅಂಟದಿದ್ದರೂ ಒಳಗೆ ಮೆತ್ತಗಿರುವ ಆ ಹೊತ್ತಿನಲ್ಲಿ ಲ್ಯಾಕರಿನ ತೀಕ್ಷ್ಣ ಥಿನ್ನರ್ ಇಳಿದರೆ, ಪದರ ಕರಗದೆ ಉಬ್ಬಿ ಎದ್ದು ಸುಕ್ಕಾಗುತ್ತದೆ. ಲ್ಯಾಕರಿನ ಮೇಲೆ ಎನಾಮೆಲ್ ನಡೆಯುತ್ತದೆ, ಎನಾಮೆಲ್ ಮೇಲೆ ಲ್ಯಾಕರ್ ನಡೆಯುವುದಿಲ್ಲ. ಅಂಗಡಿಯವರು "ಯಾವುದಾದರೂ ನಡೀತದ್ರೀ" ಎಂದರೂ ಡಬ್ಬಿಯ ಹಿಂದಿನ ಸಣ್ಣ ಅಕ್ಷರಗಳನ್ನು ಓದದೆ ತರಬೇಡಿ.

ಈಗ ಆ ಸುಕ್ಕನ್ನು ಕೂಡಲೇ ಉಜ್ಜಲು ಹೋಗಬೇಡಿ. ಮೆತ್ತಗಿನ ಬಣ್ಣ ಉಪ್ಪುಕಾಗದಕ್ಕೆ ಮೆತ್ತಿಕೊಂಡು ಕೆಳಗಿನ ಬಿಳಿಯನ್ನೂ ಕೀಳುತ್ತದೆ. ಒಂದೆರಡು ವಾರ ಬಿಟ್ಟು, ಉಗುರು ಒತ್ತಿದರೂ ಗುರುತು ಮೂಡದಷ್ಟು ಗಟ್ಟಿಯಾದ ಮೇಲೆ 400 ನಂಬರಿನ ಉಪ್ಪುಕಾಗದದಿಂದ ಸುಕ್ಕಿನ ಜೊತೆ ಕೆಂಪು ಎನಾಮೆಲನ್ನೂ ಪೂರ್ತಿ ತೆಗೆದು, ಇನ್ನೂ ನಯವಾದ 600ರಿಂದ ಸಮ ಮಾಡಿ. ಬಾಲ್ಸಾ ನೀರು ಕುಡಿದು ಉಬ್ಬುವುದರಿಂದ ಒಣಗಿದ್ದಂತೆಯೇ ಉಜ್ಜುವುದು ಕ್ಷೇಮ. ಆಮೇಲೆ ಕೆಂಪನ್ನೂ ಅಕ್ರಿಲಿಕ್ ಲ್ಯಾಕರಿನಲ್ಲೇ ಹೊಡೆಯಿರಿ. ಸಿದ್ಧ ಡಬ್ಬಿ ಸಿಗದಿದ್ದರೆ ಕಾರಿನ ಬಣ್ಣ ಬೆರೆಸಿಕೊಡುವವರ ಹತ್ತಿರ ಕೆಂಪು ಮಾಡಿಸಿ ಏರ್‌ಬ್ರಷ್‌ನಲ್ಲಿ (ಬಣ್ಣ ಸಿಂಪಡಿಸುವ ಸಣ್ಣ ಉಪಕರಣ) ಬಳಸಬಹುದು. ಎನಾಮೆಲ್ ಕೆಂಪೇ ಬೇಕೆಂದರೆ ಅದು ಪೂರ್ತಿ ಗಟ್ಟಿಯಾದ ಬಳಿಕ ಮೇಲ್ಮೈಯನ್ನು ಲಘುವಾಗಿ ಉಜ್ಜಿ ನೀರಿನ ಆಧಾರದ ಕ್ಲಿಯರ್ ಹಚ್ಚಿ. ಎನಾಮೆಲ್ ಜಾತಿಯ ವಾರ್ನಿಶ್ ಕೂಡ ಒಪ್ಪುತ್ತದೆ, ಆದರೆ ಅದು ಕಾಲಕ್ರಮೇಣ ಹಳದಿಗೆ ತಿರುಗುತ್ತದೆ. ಕೆಂಪಿನ ಮೇಲೆ ಕಾಣದಿದ್ದರೂ ಸೂರ್ಯಕಿರಣದ ಬಿಳಿಯ ಮೇಲೆ ಖಂಡಿತ ಕಾಣುತ್ತದೆ.

ಪ್ರಶ್ನೆ (ಬೀದರ್): ಧನ್ಯವಾದಗಳು ಸರ್. ಬಿಳಿಯ ಮೇಲೂ ಒಂದು ಮೂಲೆಯಲ್ಲಿ ಕ್ಲಿಯರ್ ಪುಡಿಪುಡಿಯಾಗಿ ಒರಟಾಗಿದೆ. ಇದಕ್ಕೂ ಅದೇ ಕಾರಣವೇ? ಮುಂದೆ ಇದೇ ಬಣ್ಣದಲ್ಲಿ ಒಂದು ಥರ್ಮಾಕೋಲ್ ವಿಮಾನವನ್ನೂ, ನೈಟ್ರೋ ಇಂಧನದಿಂದ ಓಡುವ ಸಣ್ಣ ಎಂಜಿನ್ನಿನ ಒಂದನ್ನೂ ಮಾಡಬೇಕೆಂದಿದ್ದೇನೆ.

ಉತ್ತರ (ಕಲಬುರಗಿ): ಒರಟುತನಕ್ಕೆ ನಮ್ಮ ಬಿಸಿಲು ಕಾರಣವಾಗಿರಬೇಕು. ದೂರದಿಂದ ಹೊಡೆದಾಗ ಹನಿಗಳು ಮೇಲ್ಮೈ ತಲುಪುವ ಮೊದಲೇ ಗಾಳಿಯಲ್ಲಿ ಒಣಗುತ್ತವೆ. ಸುಮಾರು 20ರಿಂದ 25 ಸೆಂಟಿಮೀಟರ್ ಅಂತರದಲ್ಲಿ, ಬೆಳಗಿನ ತಂಪಿನಲ್ಲಿ, ತೆಳುವಾಗಿ ಹೊಡೆಯಿರಿ. ಮಳೆಗಾಲದಲ್ಲಿ ತೊಂದರೆ ಬೇರೆ: ತೇವದ ಗಾಳಿಯಲ್ಲಿ ಲ್ಯಾಕರ್ ಕ್ಲಿಯರ್ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಡಬ್ಬಿಯನ್ನು ಮಾತ್ರ ಎಂದೂ ಬಿಸಿಲಲ್ಲಿ ಇಡಬೇಡಿ.

ಥರ್ಮಾಕೋಲಿಗೆ ಈ ಡಬ್ಬಿಗಳನ್ನು ಮುಟ್ಟಿಸಲೇಬೇಡಿ. ಲ್ಯಾಕರಿನ ಥಿನ್ನರ್ ಅದನ್ನು ಕರಗಿಸಿ ಗುಳಿ ಬೀಳಿಸುತ್ತದೆ, ಡಬ್ಬಿಯೊಳಗಿನ ಅನಿಲವೂ ಅದೇ ಕೆಲಸ ಮಾಡಬಲ್ಲದು. ನೀರಿನ ಆಧಾರದ ಅಕ್ರಿಲಿಕ್ ಬಣ್ಣವನ್ನು ಬ್ರಷ್ಷಿನಿಂದ ಹಚ್ಚಿ, ಮೇಲೆ ನೀರಿನ ಆಧಾರದ ಪಾಲಿಯುರೆಥೇನ್ ಕೊಡಿ.

ನೈಟ್ರೋ ಇಂಧನದಲ್ಲಿರುವ ಮೆಥನಾಲ್ ಮತ್ತು ನೈಟ್ರೋಮೀಥೇನ್ ಸಾಮಾನ್ಯ ಲ್ಯಾಕರ್ ಕ್ಲಿಯರನ್ನು ಮೆತ್ತಗೆ ಮಾಡಿ ಎಬ್ಬಿಸುತ್ತವೆ. ಅಲ್ಲಿಗೆ ಗಟ್ಟಿಕಾರಕ ಬೆರೆಸುವ ಎರಡು ಘಟಕಗಳ ಪಾಲಿಯುರೆಥೇನ್ ಕ್ಲಿಯರೇ ಬೇಕು. ಆದರೆ ಆ ಗಟ್ಟಿಕಾರಕದಲ್ಲಿ ಐಸೋಸಯನೇಟ್ ಇರುತ್ತದೆ. ಅದರ ಆವಿ ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡಬಲ್ಲದು, ಧೂಳಿನ ಮಾಸ್ಕ್ ಅದನ್ನು ತಡೆಯುವುದಿಲ್ಲ. ಮನೆಯ ಮಾಳಿಗೆಯ ಮೇಲೆ ಹೊಡೆಯುವುದಕ್ಕಿಂತ, ಸರಿಯಾದ ಬೂತ್ (ಬಣ್ಣ ಹೊಡೆಯುವ ಕೋಣೆ) ಮತ್ತು ಉಸಿರಾಟದ ರಕ್ಷಣೆ ಇರುವ ಕಾರು ಪೇಂಟಿಂಗ್ ಗ್ಯಾರೇಜಿನಲ್ಲಿ ಬಿಡಿಭಾಗಗಳನ್ನು ಕೊಟ್ಟು ಹೊಡೆಸಿ. ಕೊಡುವಾಗ ಕೆಳಗೆ ಯಾವ ಬಣ್ಣವಿದೆ ಎಂದು ಬರೆದುಕೊಟ್ಟು, ಅದೇ ಬಣ್ಣ ಹಚ್ಚಿದ ಬಾಲ್ಸಾ ತುಂಡೊಂದರ ಮೇಲೆ ಮೊದಲು ಪರೀಕ್ಷಿಸಲು ಹೇಳಿ.