ಬಯಾಪ್ಸಿ ರಿಪೋರ್ಟ್‌ನಲ್ಲಿ ವೈರಸ್ ಅಂತಿದೆ, ಅಪ್ಪಯ್ಯನ ತಟ್ಟೆ ಬೇರೆ ಇಡಬೇಕಾ?

ಪ್ರಶ್ನೆ (ತೀರ್ಥಹಳ್ಳಿ ಕಡೆಯವಳು):
ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪಯ್ಯನಿಗೆ ಊಟ ಸೇರುತ್ತಿರಲಿಲ್ಲ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿತು ಅನ್ನುತ್ತಿದ್ದರು. ಶಿವಮೊಗ್ಗದಲ್ಲಿ ಎಂಡೋಸ್ಕೋಪಿ ಮಾಡಿಸಿದೆವು. ಹೊಟ್ಟೆ ಕ್ಯಾನ್ಸರ್ ಅಂತ ಬಂತು, ಕೆಳಗೆ ‘ಇಬಿವಿ ಪಾಸಿಟಿವ್’ ಅಂತ ಇನ್ನೊಂದು ಸಾಲು. ಅದು ವೈರಸ್ಸಂತೆ. ನಮ್ಮ ಕಡೆ ವೈರಸ್ ಅಂದರೆ ಮಂಗನ ಕಾಯಿಲೆಯೇ ನೆನಪಾಗುವುದು. ಅಜ್ಜಿ ಹೆದರಿ ಅಪ್ಪಯ್ಯನ ತಟ್ಟೆ, ಲೋಟ ಬೇರೆ ಮಾಡಿ ಹಿತ್ತಿಲ ಬಾವಿಕಟ್ಟೆ ಮೇಲೆ ಇಟ್ಟಿದ್ದಾರೆ. ನನ್ನ ಮಗ ಹತ್ತಿರ ಹೋದರೆ ಅಪ್ಪಯ್ಯನೇ ‘ಬೇಡ ಮಗಾ, ಆಚೆ ಹೋಗು’ ಅನ್ನುತ್ತಾರೆ. ನೋಡಲಾಗುತ್ತಿಲ್ಲ. ಇದು ನಿಜವಾಗಿ ಅಂಟುತ್ತಾ?

ಉತ್ತರ (ಶಿವಮೊಗ್ಗ, ಪೆಥಾಲಜಿ ಲ್ಯಾಬ್ ಕೆಲಸ):
ತಂಗಿ, ಮೊದಲು ಆ ತಟ್ಟೆ ಒಳಗೆ ತಂದಿಡು. ಮಗುವನ್ನು ಅಜ್ಜನ ತೊಡೆ ಮೇಲೆ ಕೂರಿಸು. ಕ್ಯಾನ್ಸರ್ ಅಂಟುವುದಿಲ್ಲ.

ಇದು ಎಪ್‌ಸ್ಟೀನ್-ಬಾರ್ ವೈರಸ್, 1964ರಲ್ಲಿ ಪತ್ತೆಯಾದದ್ದು. ಎಂಜಲಿನಿಂದ ಹರಡುತ್ತದೆ, ನಿಜ. ಆದರೆ ದೊಡ್ಡವರಲ್ಲಿ 100ಕ್ಕೆ 90ಕ್ಕೂ ಜಾಸ್ತಿ ಜನರ ಮೈಯಲ್ಲಿ ಇದು ಆಗಲೇ ಇದೆ. ಚಿಕ್ಕಂದಿನಲ್ಲಿ ಬಂದು, ರಕ್ತದ ಬಿಳಿಕಣಗಳಲ್ಲಿ ಜೀವನಪೂರ್ತಿ ಸುಮ್ನೆ ಉಳಿದುಬಿಡುತ್ತದೆ. ಅಜ್ಜಿಯಲ್ಲೂ ಇರಬಹುದು, ನನ್ನಲ್ಲೂ ಇರಬಹುದು. ಮಂಗನ ಕಾಯಿಲೆ ಉಣುಗು ಕಚ್ಚಿ ಬರುವುದು, ಆ ವೈರಸ್ಸೇ ಬೇರೆ.

ಹಾಗಾದರೆ ರಿಪೋರ್ಟ್‌ನಲ್ಲಿ ಯಾಕೆ ಬರೆದರು ಅಂತ ಕೇಳಬಹುದು. ಹೊಟ್ಟೆ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಹೆಚ್ಚುಕಮ್ಮಿ ಒಂಬತ್ತರಲ್ಲಿ ಗಡ್ಡೆಯ ಕೋಶಗಳ ಒಳಗೇ ಈ ವೈರಸ್ ಇರುತ್ತದೆ. ಸ್ಲೈಡ್‌ಗೆ ಬಣ್ಣ ಹಾಕಿ ನೋಡಿದರೆ ಗಡ್ಡೆಯ ಪ್ರತಿ ಕೋಶದ ಒಳಗಿನ ನಡುಚುಕ್ಕೆ (ನ್ಯೂಕ್ಲಿಯಸ್) ಗಾಢವಾಗಿ ಬಣ್ಣ ಹಿಡಿದಿರುತ್ತದೆ. ಪಕ್ಕದಲ್ಲೇ ಇರುವ ಒಳ್ಳೆಯ ಕೋಶಗಳಿಗೆ ಬಣ್ಣ ಹತ್ತುವುದಿಲ್ಲ. ಕೋಶ ಮಿತಿಮೀರಿ ಬೆಳೆಯದಂತೆ ತಡೆಯುವ ಕೆಲವು ಜೀನ್‌ಗಳು ಈ ವೈರಸ್ ಇರುವ ಗಡ್ಡೆಯಲ್ಲಿ ಕೆಲಸ ಮಾಡದಂತೆ ಮುಚ್ಚಿಹೋಗಿರುತ್ತವೆ.

ಆ ಸಾಲು ನೋಡಿ ಎದೆಗುಂದಬೇಡ. ಈ ಬಗೆಯ ಗಡ್ಡೆಯ ಉಪಟಳ ಉಳಿದವಕ್ಕಿಂತ ಸ್ವಲ್ಪ ಕಮ್ಮಿ ಅಂತಲೇ ಕಂಡುಬಂದಿದೆ. ಹಲವರಿಗೆ ಇಮ್ಯುನೊಥೆರಪಿಯೂ (ಮೈಯ ರೋಗನಿರೋಧಕ ಶಕ್ತಿಯೇ ಕ್ಯಾನ್ಸರ್ ವಿರುದ್ಧ ಹೋರಾಡುವಂತೆ ಮಾಡುವ ಮದ್ದು) ಚೆನ್ನಾಗಿ ಹಿಡಿಯುತ್ತದೆ. ಆ ಮದ್ದು ಹಿಡಿಯಬಹುದಾ ಅಂತ ಅಂದಾಜು ಕೊಡುವ ಪಿಡಿ-ಎಲ್1 ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಬಾಯಿಬಿಟ್ಟು ಕೇಳು.

ಉತ್ತರ (ಸಾಗರ):
ನಮ್ಮ ಮಾವನಿಗೂ ಹೊಟ್ಟೆ ಕ್ಯಾನ್ಸರ್ ಆಗಿತ್ತು. ಅವರದ್ದು ವೈರಸ್ಸಿನದ್ದಲ್ಲ, ಎಚ್. ಪೈಲೋರಿ ಬ್ಯಾಕ್ಟೀರಿಯಾದ್ದು. ಇದೇ ಜಾಸ್ತಿ ಜನರಲ್ಲಿ ಕಾರಣ. ಈ ಬ್ಯಾಕ್ಟೀರಿಯಾಕ್ಕಾದರೆ ಮದ್ದಿದೆ. ನನ್ನ ಯಜಮಾನರು, ನಾದಿನಿ ಇಬ್ಬರೂ ಉಸಿರಿನ ಪರೀಕ್ಷೆ ಮಾಡಿಸಿಕೊಂಡರು. ನಾದಿನಿಗೆ ಇತ್ತು, 14 ದಿನದ ಮಾತ್ರೆ ಕೊಟ್ಟರು. ನೀವೂ ಅಣ್ಣತಮ್ಮಂದಿರೂ ಮಾಡಿಸಿ. ಗ್ಯಾಸ್ ಮಾತ್ರೆ ತಗೊಳ್ತಾ ಇದ್ದರೆ ಡಾಕ್ಟರನ್ನು ಕೇಳಿ ಎರಡು ವಾರ ಮೊದಲೇ ನಿಲ್ಲಿಸಬೇಕು. ಇಲ್ಲದಿದ್ದರೆ ಇದ್ದರೂ ಇಲ್ಲ ಅಂತ ಬರಬಹುದು.

ಪ್ರಶ್ನೆ ಕೇಳಿದವಳು:
ಅಣ್ಣಾ, ಅಕ್ಕಾ, ಅಜ್ಜಿಗೆ ಎರಡನ್ನೂ ಓದಿ ಹೇಳಿದೆ. ಮಾತಾಡಲಿಲ್ಲ, ರಾತ್ರಿ ಅಪ್ಪಯ್ಯನಿಗೆ ಗಂಜಿ ತಾವೇ ಬಡಿಸಿದರು. ಆ ಪಿಡಿ-ಎಲ್1 ಪರೀಕ್ಷೆಗೆ ಮತ್ತೆ ಎಂಡೋಸ್ಕೋಪಿ ಬೇಕಾ? ಅಪ್ಪಯ್ಯ ಒಪ್ಪಲಿಕ್ಕಿಲ್ಲ. ಎಲೆಅಡಿಕೆ, ಹೊಗೆಸೊಪ್ಪು ಇನ್ನೂ ಬಿಟ್ಟಿಲ್ಲ.

ಉತ್ತರ (ಶಿವಮೊಗ್ಗ ಲ್ಯಾಬ್):
ಸಾಮಾನ್ಯವಾಗಿ ಬೇಡ. ಬಯಾಪ್ಸಿ ಚೂರನ್ನು ಮೇಣದ ಬ್ಲಾಕ್‌ನಲ್ಲಿ ಇಟ್ಟಿರುತ್ತಾರೆ, ಅದರಲ್ಲೇ ಆಗುತ್ತದೆ. ಬೆಂಗಳೂರಿನ ಕಿದ್ವಾಯಿಗೆ ತೋರಿಸುವುದಾದರೂ ಬ್ಲಾಕ್ ಮತ್ತು ಸ್ಲೈಡ್ ಎರಡನ್ನೂ ಲ್ಯಾಬ್‌ನಿಂದ ಕೇಳಿ ತಗೊಂಡು ಹೋಗು. ಬಿಸಿಲಲ್ಲಿ ಇಡಬೇಡ, ಮೇಣ ಕರಗುತ್ತದೆ. ಹೊಗೆಸೊಪ್ಪು ಮಾತ್ರ ಇವತ್ತೇ ನಿಲ್ಲಬೇಕು. ಆಪರೇಶನ್ ಆದರೆ ಗಾಯ ಮಾಯಲು ಅದೇ ಅಡ್ಡಿ.